ದೊಡ್ಡಪ್ಪನ ಬದು

ನಮ್ಮ ಬಡಾವಣೆಯಲ್ಲಿ ಒಂದು ಮೇನ್ ರೋಡು, ಐದು ಕ್ರಾಸುಗಳಿವೆ. ಇವುಗಳಲ್ಲಿ ಯಾವುದರ ಮೇಲೂ ಹತ್ತು ಹೆಜ್ಜೆ ನಡೆಯದೆ ಇಡೀ ಬಡಾವಣೆಯನ್ನು ದಿನಾ ಎರಡು ಸಲ ದಾಟುತ್ತಿದ್ದ ಮಹಾನುಭಾವರೆಂದರೆ ನಮ್ಮ ದೊಡ್ಡಪ್ಪ ಒಬ್ಬರೇ! ಹಾರಿಕೊಂಡು ಹೋಗುತ್ತಿದ್ದರೇ ಎಂದು ಕೇಳಬೇಡಿ. ಜನರ ಕಾಂಪೌಂಡುಗಳ ಒಳಗಿಂದ ಹೋಗುತ್ತಿದ್ದರು. ಈ ಕಡೆ ಗೇಟಿನಲ್ಲಿ ನುಗ್ಗುವುದು, ಆ ಕಡೆ ಹಿತ್ತಲಿನಲ್ಲಿ ಹೊರಬೀಳುವುದು.

ಅವರದೂ ತಪ್ಪಲ್ಲ ಅನ್ನಿ. ನಂಜನಗೂಡಿನ ಹೊರಗೆ ಕಪಿಲೆಯ ದಡಕ್ಕೆ ಹತ್ತಿಕೊಂಡಿರುವ ನಮ್ಮ ಬಡಾವಣೆ, ತೊಂಬತ್ತರ ದಶಕದ ಶುರುವಿನಲ್ಲಿ ಇನ್ನೂ ಭತ್ತದ ಗದ್ದೆ. ದೊಡ್ಡಪ್ಪ ಆ ಗದ್ದೆಗಳ ನೀರುಗಂಟಿ. ನಾಲೆಯ ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಸರದಿಯಂತೆ ಹಂಚುವ ಕೆಲಸ. ಮೂವತ್ತು ವರ್ಷ ಹೆಗಲ ಮೇಲೆ ಗುದ್ದಲಿ ಹೊತ್ತು ಗದ್ದೆಯ ಬದುವಿನ ಮೇಲೆ ಓಡಾಡಿದವರು. ಆಮೇಲೆ ಗದ್ದೆಗಳು ಸೈಟುಗಳಾದವು. ಕಾರ್ಖಾನೆಯವರು, ಮೇಷ್ಟ್ರುಗಳು, ನನ್ನ ಹಾಗೆ ದಿನಾ ಮೈಸೂರಿನ ಬಸ್ಸಿಗೆ ನೇತಾಡುವವರು ಬಂದು ಮನೆ ಕಟ್ಟಿಕೊಂಡರು. ಗದ್ದೆ ಹೋಯಿತು, ನೀರು ಹಂಚುವ ಕೆಲಸವೂ ಹೋಯಿತು. ಆದರೆ ಬದುವೂ ಹೋಗಿದೆ ಎಂದು ದೊಡ್ಡಪ್ಪನಿಗೆ ಹೇಳುವವರು ಯಾರು?

ಬೆಳಿಗ್ಗೆ ಆರಕ್ಕೆ ಹಳೇ ಊರಿನ ಮನೆಯಿಂದ ಹೊಳೆಗೆ ಸ್ನಾನಕ್ಕೆ ಹೊರಡುತ್ತಿದ್ದರು. ಹೆಗಲ ಮೇಲೆ ಟವೆಲ್ಲು, ಅದರ ಮೇಲೆ ಗುದ್ದಲಿ. ಸ್ನಾನಕ್ಕೆ ಗುದ್ದಲಿ ಯಾಕೆ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ನೀನು ಬ್ಯಾಗಿಲ್ದೆ ಆಪೀಸಿಗೋದೀಯವ್ವ?" ಎಂದು ನನ್ನನ್ನೇ ಕೇಳಿದ್ದರು.

ಮೊದಲು ಸಿಕ್ಕಿಬಿದ್ದವರು ಎರಡನೇ ಕ್ರಾಸಿನ ಸರ್ವೆ ಸಾಹೇಬರು. ಜನರ ಜಮೀನು ಅಳೆದು ಅಳೆದೇ ನಿವೃತ್ತರಾದವರು. ಗೃಹಪ್ರವೇಶವಾದ ಮಾರನೆಯ ಬೆಳಿಗ್ಗೆ ಅಂಗಳದಲ್ಲಿ ಹಲ್ಲುಜ್ಜುತ್ತಾ ನಿಂತಿದ್ದರೆ, ಗೇಟು ತೆಗೆದುಕೊಂಡು ಗುದ್ದಲಿಯವರೊಬ್ಬರು ಒಳಗೆ ಬಂದರು.

"ಯಾರ್ರೀ ನೀವು? ಎಲ್ಲಿಗೆ ನುಗ್ತಿದ್ದೀರಿ?"

"ಒಳೆಗೆ ಕಣ್ ಸಾ."

"ಇದು ನನ್ನ ಸೈಟು ಕಣ್ರೀ! ಖಾತೆ, ಪತ್ರ, ಕಂದಾಯದ ರಸೀತಿ, ಎಲ್ಲಾ ನನ್ನ ಹೆಸರಲ್ಲಿದೆ!"

"ಇರ್ಲಿ ಬುಡಿ ಸಾ, ಯಾರ್ ಬ್ಯಾಡ ಅಂದೋರು? ಸೈಟು ನಿಮ್ದೇಯ. ಬದು ಎಲ್ಲಾರ್ದುವೆ."

ಇಷ್ಟು ಹೇಳಿ ಹಿತ್ತಲ ಗೋಡೆ ಹತ್ತಿ ಆಚೆಗೆ ಧುಮುಕಿದರಂತೆ. ಸಾಹೇಬರ ಬಾಯಲ್ಲಿ ಪೇಸ್ಟಿನ ನೊರೆ ಹಾಗೇ ಉಳಿಯಿತು.

ಮೂರನೇ ಕ್ರಾಸಿನ ಟೀಚರಮ್ಮನದು ಇನ್ನೊಂದು ಕತೆ. ಅವರು ಮನೆಗೆ ಚಂದದ ಹೆಸರಿಟ್ಟು ಕರಿಕಲ್ಲಿನಲ್ಲಿ ಕೆತ್ತಿಸಿದ್ದರು. ದೊಡ್ಡಪ್ಪ ಮಾತ್ರ ಅಲ್ಲಿದ್ದ ಹಳೇ ಗದ್ದೆಯ ಹೆಸರು ಹಿಡಿದು ಪೋಸ್ಟ್‌ಮ್ಯಾನಿಗೆ, "ಕಪ್ಪೆಗದ್ದೆಯೋರಾ? ಅಗೋ, ಆ ಅಸ್ರು ಬಣ್ಣದ್ದು" ಎಂದು ತೋರಿಸುತ್ತಿದ್ದರು. ಟೀಚರಮ್ಮ ತಿಂಗಳುಗಟ್ಟಲೆ ಮಾತು ಬಿಟ್ಟರು. ಆಮೇಲೆ ಮಳೆಗಾಲ ಬಂತು, ನಡುಮನೆಯ ನೆಲದಲ್ಲಿ ನೀರು ಒಸರತೊಡಗಿತು. ಮೇಸ್ತ್ರಿಗಳೆಲ್ಲ ಸೋತ ಮೇಲೆ ದೊಡ್ಡಪ್ಪನನ್ನೇ ಕರೆಸಿದರು. ಅವರು ಬಗ್ಗಿ ನೋಡಿ, ನೆಲ ಮುಟ್ಟಿ, ತೀರ್ಪು ಕೊಟ್ಟರು: "ಒಳ್ಳೇ ಗದ್ದೆ ಕಣವ್ವ. ಈಗ್ಲೂ ನಾಟಿ ಆಕುದ್ರೆ ಎರಡ್ ಪಲ್ಲ ಭತ್ತಕ್ಕೆ ಮೋಸ ಇಲ್ಲ!"

ಇಂಥವರ ಜೊತೆ ಜಗಳವಾಡಿ ಗೆಲ್ಲುವುದುಂಟೇ? ಗೋಡೆ ಹಾರಿ ಕಾಲು ಮುರಿದುಕೊಂಡರೆ ಪಾಪ ಯಾರಿಗೆ ಎಂದು, ಬೈದುಕೊಂಡೇ ಒಬ್ಬೊಬ್ಬರಾಗಿ ಹಿತ್ತಲಿಗೊಂದು ಸಣ್ಣ ಗೇಟು ಇಡಿಸಿದರು. ಎಲ್ಲರಿಗಿಂತ ಮೊದಲು ಇಡಿಸಿದವರು ಸರ್ವೆ ಸಾಹೇಬರು! ನಮ್ಮದು ಹೊಳೆಯ ಕಡೆಗೆ ಕಟ್ಟಕಡೆಯ ಸೈಟು, ಕಾಂಪೌಂಡೇ ಇರಲಿಲ್ಲ. ಬಾಳೆಗಿಡಗಳ ನಡುವೆ ದೊಡ್ಡಪ್ಪ ಹಾಯಾಗಿ ಹೊಳೆಗಿಳಿಯುತ್ತಿದ್ದರು.

ಹೀಗಿರುವಾಗ ಅವರ ಕಣ್ಣು ಮಂಜಾಯಿತು. ನರ ಒಣಗಿದೆ, ಇನ್ನು ಏನೂ ಮಾಡುವ ಹಾಗಿಲ್ಲ ಎಂದರು ಮೈಸೂರಿನ ಡಾಕ್ಟರು. ವರ್ಷದೊಳಗೆ ಪೂರ್ತಿ ಕತ್ತಲೆ. ಟಾರು ರಸ್ತೆಯಲ್ಲಿ ಬಿಟ್ಟರೆ ಎರಡು ಹೆಜ್ಜೆಗೆ ಮುಗ್ಗರಿಸುತ್ತಿದ್ದರು. ಆದರೆ ಹೊಳೆ ಸ್ನಾನ ನಿಲ್ಲಲಿಲ್ಲ. ಕೈ ಹಿಡಿಯಲು ಹೋದರೆ, "ರಸ್ತೆ ಮ್ಯಾಲಾದ್ರೆ ಇಡ್ಕೊ. ಬದುನ ಮ್ಯಾಲೆ ಬುಟ್ಬುಡು" ಎನ್ನುತ್ತಿದ್ದರು. ಗುದ್ದಲಿಯ ಕಾವನ್ನೇ ಊರಿಕೊಂಡು ಎಲ್ಲೂ ತಡವರಿಸದೆ ಹೋಗುವರು. ಯಾರು ಯಾರಿಗೆ ಹೇಳಿದರೋ ಕಾಣೆ, ಬೆಳಿಗ್ಗೆ ಆರಕ್ಕೆ ಸಾಲು ಮನೆಗಳ ಗೇಟುಗಳೆಲ್ಲ ತೆರೆದಿರುತ್ತಿದ್ದವು. ಟೀಚರಮ್ಮ ಸ್ಕೂಟರನ್ನು ದಾರಿಯಿಂದ ಪಕ್ಕಕ್ಕಿಡುತ್ತಿದ್ದರು.

ಆಗಲೇ ನಮ್ಮ ಹಿತ್ತಲಿನ ತಾಮ್ರದ ಹಂಡೆ ಕಳುವಾದದ್ದು. ಕಾಂಪೌಂಡು ಕಟ್ಟಿಸಿಯೇ ತೀರಬೇಕು ಎಂದರು ನಮ್ಮ ಯಜಮಾನರು. ನಾನೂ ಹೂಂ ಎಂದೆ. ಗೇಟಿನ ಯೋಚನೆ ನನಗೆ ಬರಲಿಲ್ಲವೆಂದರೆ ಸುಳ್ಳಾದೀತು. ಗೇಟಿಟ್ಟರೆ ಮತ್ತೆ ಕಳ್ಳರಿಗೇ ದಾರಿ, ದೊಡ್ಡಪ್ಪ ನಮ್ಮವರೇ ತಾನೆ, ಬಳಸಿಕೊಂಡು ಹೋಗಲಿ ಎಂದುಕೊಂಡೆ.

ಗೋಡೆ ಸೊಂಟದೆತ್ತರ ಎದ್ದಿತ್ತು. ಬೆಳಿಗ್ಗೆ ದೊಡ್ಡಪ್ಪ ಬಂದರು. ಗುದ್ದಲಿಯ ಕಾವು ಇಟ್ಟಿಗೆಗೆ ತಾಗಿ ನಿಂತರು. ಹಸಿ ಸಿಮೆಂಟನ್ನು ಕೈಯಿಂದ ಸವರಿದರು.

"ಯಾರ್ದವ್ವ ಈ ಗ್ವಾಡೆ?"

"ನಂದೇ ದೊಡ್ಡಪ್ಪ."

ಬೈದಿದ್ದರೆ ಚೆನ್ನಾಗಿತ್ತು. "ಸರಿ ಬುಡವ್ವ. ಮನೆ ಅಂದ್ಮೇಲೆ ಗ್ವಾಡೆ ಬೇಕು" ಎಂದು ಹಿಂದಕ್ಕೆ ತಿರುಗಿದರು. ಮಾರನೆಯ ದಿನ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಮನೆಯ ಬಚ್ಚಲಲ್ಲೇ ಸ್ನಾನವಂತೆ, ಗುದ್ದಲಿ ಮೂಲೆ ಸೇರಿತಂತೆ. ಕೇಳಿ ನನಗೆ ಅನ್ನ ಇಳಿಯಲಿಲ್ಲ. ಊರಿನವರೆಲ್ಲ ಬಿಟ್ಟುಕೊಟ್ಟ ದಾರಿಗೆ ಅಡ್ಡ ನಿಂತವಳು ಸ್ವಂತ ತಮ್ಮನ ಮಗಳು!

ಸರ್ವೆ ಸಾಹೇಬರ ಮನೆಗೆ ಓಡಿದೆ. ಅವರು ಹಳೆಯ ಗ್ರಾಮನಕ್ಷೆ ಹುಡುಕಿ ತೆಗೆದು, ಟೇಪು ಹಿಡಿದು ಅಳೆದು, ಹಳೇ ಬದು ಹಾದಿದ್ದ ಕಡೆ ಸುಣ್ಣದಲ್ಲಿ ಗೆರೆ ಎಳೆದು ಕೊಟ್ಟರು. ಮೇಸ್ತ್ರಿ ಮೂರಡಿ ಗೋಡೆ ಒಡೆಯುತ್ತಾ, "ಇಲ್ಲಿಗ್ಯಾಕಕ್ಕ ಗೇಟು? ಆಚೆ ರಸ್ತೇನೆ ಇಲ್ವಲ್ಲ!" ಎಂದ.

"ರಸ್ತೆ ಇಲ್ಲ ಕಣಪ್ಪ. ಬದು ಇದೆ" ಎಂದೆ.

ಮಾರನೆಯ ಬೆಳಿಗ್ಗೆ ನಾನೇ ಹೋಗಿ ಗುದ್ದಲಿಯನ್ನು ಅವರ ಕೈಗಿತ್ತು ಹೊರಡಿಸಿದೆ. ಅವರು ಮುಂದೆ, ನಾನು ಹಿಂದೆ. ನಮ್ಮ ಹೊಸ ಗೇಟಿನ ಸಂದಿಗೆ ಬಂದಾಗ ಅವರ ಬಲಭುಜ ಗೇಟಿನ ಕಂಬಕ್ಕೆ ತಗುಲಿತು. ನಿಂತರು. ಎರಡೂ ಕಡೆಯ ಇಟ್ಟಿಗೆಯನ್ನು ಮೆಲ್ಲಗೆ ಸವರಿದರು. ತಮ್ಮ ಗೆರೆ ಸರಿಯಾಯಿತೇ ಎಂದು ಸರ್ವೆ ಸಾಹೇಬರೂ ಟೇಪು ಹಿಡಿದು ಬಂದಿದ್ದರು, ಇಬ್ಬರೂ ನೋಡುತ್ತಾ ನಿಂತೆವು.

"ಅರ್ಧ ಅಡಿ ಎಡಕ್ಕಾಯ್ತು ಕಣವ್ವ," ಎಂದರು ದೊಡ್ಡಪ್ಪ, ಮತ್ತೆ ಹೊಳೆಗಿಳಿದರು.

ಸಾಹೇಬರು ಟೇಪು ಸುತ್ತಿಕೊಂಡರು. ನಾನು ನಗುತ್ತಾ ನಗುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡೆ. ಮಧ್ಯಾಹ್ನ ಮೇಸ್ತ್ರಿಯನ್ನು ಮತ್ತೆ ಕರೆಸಿದೆ.