ಚಿಕ್ಕಮ್ಮ ಹೊರಡಿಸಿದ ಮಾರ್ಗಸೂಚಿ

ಪ್ರಪಂಚದ ದೊಡ್ಡ ದೊಡ್ಡ ಡಾಕ್ಟರುಗಳು ಭದ್ರಾವತಿಗೆ ಒಂದು ಫೋನು ಮಾಡಿ ನಮ್ಮ ಚಿಕ್ಕಮ್ಮನನ್ನು ಕೇಳಿದ್ದರೆ, ಹೆಂಗಸರು ಸ್ತನ ಕ್ಯಾನ್ಸರಿನ ತಪಾಸಣೆಯನ್ನು ಯಾವ ವಯಸ್ಸಿನಲ್ಲಿ ಮಾಡಿಸಬೇಕು ಎಂಬ ಗಲಾಟೆ ಎಂದೋ ಮುಗಿದುಹೋಗುತ್ತಿತ್ತು. ಅವರು ಕೇಳಲಿಲ್ಲ. ಅಷ್ಟೊಂದು ಓದಿದವರಿಗೆ ಅಷ್ಟು ಹೊಳೆಯುವುದಾದರೂ ಹೇಗೆ, ಪಾಪ! ಸಮಿತಿ ಮಾಡಿಕೊಂಡರು, ಸಭೆ ಸೇರಿದರು, ಕಾಫಿ ಕುಡಿದರು, ಐವತ್ತು ಎಂದರು. ಕೆಲವು ವರ್ಷ ಬಿಟ್ಟು ಮತ್ತೆ ಕಾಫಿ ಕುಡಿದು ನಲವತ್ತು ಎಂದರು. ಇನ್ನೊಂದು ದೇಶದವರು ಐವತ್ತೇ ಸರಿ ಎಂದರು. ನಮ್ಮಲ್ಲಿ ಕೆಲವರು ಎದೆಯ ಚಿತ್ರ ತೆಗೆಯುವ ಮ್ಯಾಮೋಗ್ರಾಮ್ ಯಂತ್ರವೇ ಬೇಡ, ಮೂವತ್ತು ದಾಟಿದವರನ್ನು ನರ್ಸು ಕೈಯಿಂದ ಮುಟ್ಟಿ ನೋಡಿದರೆ ಸಾಕು ಎಂದರು. ಚಿಕ್ಕಮ್ಮ ಮಾತ್ರ ಮೊದಲಿನಿಂದಲೂ ಒಂದೇ ಮಾತಿನ ಮೇಲೆ ನಿಂತಿದ್ದಾಳೆ: "ವಯಸ್ಸು ಕೇಳ್ಕೊಂಡು ಬರೋಕೆ ಅದೇನು ಎಲೆಕ್ಷನ್ ಓಟಾ?"

ಈಕೆ ನನ್ನ ಅಮ್ಮನ ತಂಗಿ. ಇರುವುದು ಕಾರ್ಖಾನೆಯ ಕೆಲಸಗಾರರೇ ತುಂಬಿರುವ ಒಂದು ಬೀದಿಯಲ್ಲಿ. ಚಿಕ್ಕಪ್ಪ ನಿವೃತ್ತರಾಗಿ ಮನೆಯಲ್ಲಿದ್ದಾರೆ. ಬಹಳ ಮಿತಭಾಷಿ ಎಂದು ಊರೆಲ್ಲ ಅವರನ್ನು ಹೊಗಳುತ್ತದೆ. ಅವಕಾಶ ಸಿಕ್ಕಿಲ್ಲ ಎನ್ನುವುದು ನಮಗೆ ಮಾತ್ರ ಗೊತ್ತು. ಟಿವಿಯ ನಾಲ್ಕು ಚೌಕಗಳಲ್ಲಿ ನಾಲ್ವರು ತಜ್ಞರು ಕೂತು ಈ ವಿಷಯ ಚರ್ಚಿಸುತ್ತಿದ್ದ ದಿನ, ಸೋಫಾದ ಮೇಲೆ ಐದನೆಯ ತಜ್ಞೆಯಾಗಿ ಚಿಕ್ಕಮ್ಮ ಕೂತಿದ್ದಳು.

"ಐವತ್ತಾಗ್ಲಿ ಅಂದ್ರಿ, ಕಾದೆ. ಆಯ್ತು. ಈಗ ನಲವತ್ತಕ್ಕೇ ಬರ್ಬೇಕಿತ್ತು ಅಂತೀರಲ್ಲ, ಹಿಂದಕ್ಕೆ ಹೋಗೋ ಬಸ್ಸು ಎಷ್ಟು ಗಂಟೆಗಿದೆ ಹೇಳ್ರೀ!"

ನಿರೂಪಕ ಒಂದು ಸಣ್ಣ ವಿರಾಮದ ನಂತರ ಸಿಗುತ್ತೇವೆ ಎಂದ. "ನೋಡಿದ್ಯಾ? ನಾನು ಕೇಳಿದ್ದಕ್ಕೆ ಉತ್ತರ ಇಲ್ಲ, ಓಡಿಹೋದ" ಎಂದು ಚಿಕ್ಕಮ್ಮ ನನ್ನ ಕಡೆ ವಿಜಯದ ನಗೆ ಬೀರಿದಳು.

ಇಷ್ಟೆಲ್ಲ ಯಾರಿಗಾಗಿ ಅಂತೀರಿ? ನನಗಾಗಿ! ಅವಳ ತಪಾಸಣೆಯಂತೂ ಹೇಳಿದ ಹೊತ್ತಿಗೆ ನಡೆದೇ ನಡೆಯುತ್ತದೆ. ನನ್ನ ಅಮ್ಮ ಈ ಕಾಯಿಲೆಯಲ್ಲೇ ಹೋದವಳು, ಐವತ್ತು ತುಂಬುವ ಮೊದಲೇ. ಆಗ ಮನೆಯಲ್ಲಿ ಯಾರೂ ಅದರ ಹೆಸರು ಎತ್ತಲಿಲ್ಲ. ಕೇಳಿದವರಿಗೆಲ್ಲ 'ಗ್ಯಾಸ್ಟ್ರಿಕ್' ಎಂದೆವು. ಮರ್ಯಾದಸ್ಥರ ಮನೆಯೊಳಗೆ ಬರಲು ಅನುಮತಿಯಿರುವ ಕಾಯಿಲೆ ನಮ್ಮ ಕಡೆ ಅದೊಂದೇ ತಾನೆ! ಅಂಥ ಅಮ್ಮನ ಮಗಳಾದ ನನಗೆ ಈಗ ನಲವತ್ಮೂರು. ನಾನು ಒಂದು ಸಲ ಆ ಯಂತ್ರದ ಮುಂದೆ ನಿಲ್ಲಬೇಕು, ಚಿಕ್ಕಮ್ಮನಿಗೆ ಬೇಕಾದದ್ದು ಇಷ್ಟೆ. ನನಗೋ ಆ ಕಡೆ ತಲೆ ಹಾಕುವ ಧೈರ್ಯವಿಲ್ಲ. ಆದರೆ ಶಿವಮೊಗ್ಗದ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುವವಳು ಹೆದರಿಕೆ ಎಂದು ಬಾಯಿಬಿಟ್ಟರೆ ಡಿಗ್ರಿಗೆ ಅವಮಾನವಲ್ಲವೇ? ಆದ್ದರಿಂದ ಗಂಭೀರವಾಗಿ, "ತಜ್ಞರಲ್ಲೇ ಇನ್ನೂ ಒಮ್ಮತ ಇಲ್ಲ ಚಿಕ್ಕಮ್ಮ. ಚರ್ಚೆ ನಡೀತಿದೆ" ಎನ್ನುತ್ತಿದ್ದೆ.

"ಚರ್ಚೆ ಮುಗಿಯೋಷ್ಟರಲ್ಲಿ ನಿನಗೆ ಎಂಬತ್ತಾಗಿರುತ್ತೆ ಮಾರಾಯ್ತಿ. ಆಗ ಅವರು ತೊಂಬತ್ತು ಅಂತಾರೆ."

ತಜ್ಞರ ಮೇಲಿನ ಈ ಸಿಟ್ಟು ಆಮೇಲೆ ವಿಮಾ ಕಂಪನಿಯ ಕಡೆ ತಿರುಗಿತು. ಚಿಕ್ಕಪ್ಪ ತಪ್ಪದೆ ಕಂತು ಕಟ್ಟುವ ಆರೋಗ್ಯ ವಿಮೆಯೊಂದಿದೆ. ಚಿಕ್ಕಮ್ಮ ತನ್ನ ಮ್ಯಾಮೋಗ್ರಾಮಿನ ಬಿಲ್ಲು ಕಳಿಸಿದಳು. ಕಂಪನಿ ಅಷ್ಟೇ ಪ್ರೀತಿಯಿಂದ ಹಿಂದಕ್ಕೆ ಕಳಿಸಿತು. ಚಿಕ್ಕಮ್ಮ ಫೋನು ತೆಗೆದುಕೊಂಡು, ಬೀದಿಗೆಲ್ಲ ಅನುಕೂಲವಾಗಲೆಂದು ಸ್ಪೀಕರ್ ಹಾಕಿದಳು.

"ಮೇಡಂ, ತಪಾಸಣೆಗೆ ಕವರೇಜ್ ಇರಲ್ಲ. ಅಡ್ಮಿಟ್ ಆಗಿರಬೇಕು" ಎಂದಳು ಆ ಕಡೆಯ ಹುಡುಗಿ.

"ಅಷ್ಟೇನಾ? ಮಷಿನ್ ಪಕ್ಕದಲ್ಲೇ ಒಂದು ಚಾಪೆ ಹಾಸ್ಕೊಡೋಕೆ ಹೇಳಮ್ಮ, ಮಲಗಿ ಎದ್ದು ಬರ್ತೀನಿ."

"ಹಾಗಲ್ಲ ಮೇಡಂ, ಕಾಯಿಲೆ ಇರಬೇಕು."

"ಅಂದ್ರೆ, ಕಾಯಿಲೆ ಬಂದ್ರೆ ದುಡ್ಡು ಕೊಡ್ತೀರಿ. ಬಂದಿದ್ಯಾ ಅಂತ ನೋಡೋಕೆ ಕೊಡಲ್ಲ. ಮನೆ ಹೊತ್ತಿ ಉರಿದ್ಮೇಲೆ ನೀರು ತರ್ತೀರಿ, ಹೊಗೆ ಬರ್ತಿದೆ ಅಂದ್ರೆ ಫೋನ್ ಇಡ್ತೀರಿ. ಸರಿ ಬಿಡು. ನಿಮ್ಮಮ್ಮಂಗೆ ಎಷ್ಟು ವಯಸ್ಸು?"

ಹುಡುಗಿ ತಡವರಿಸಿದಳು. "ನಲವತ್ತೊಂಬತ್ತು ಮೇಡಂ. ಈ ಕರೆ ರೆಕಾರ್ಡ್ ಆಗ್ತಿದೆ."

"ಆಗ್ಲಿ, ಒಳ್ಳೇದೇ ಆಯ್ತು. ನಿಮ್ಮ ಸಾಹೇಬ್ರೂ ಕೇಳಿಸ್ಕೊಳ್ಲಿ. ಅಮ್ಮನ್ನ ಕರ್ಕೊಂಡು ಹೋಗಿದ್ಯಾ?"

ಹುಡುಗಿ ಅವಸರದಲ್ಲಿ ಧನ್ಯವಾದ ಹೇಳಿ ಕರೆ ಮುಗಿಸಿದಳು. ಸೇವೆ ಹೇಗಿತ್ತೆಂದು ಅಂಕ ಕೊಡಿ ಎಂದು ಆಮೇಲೆ ಫೋನಿನ ರೆಕಾರ್ಡಾದ ದನಿ ಕೇಳಿದಾಗ ಚಿಕ್ಕಮ್ಮ ಪೂರ್ತಿ ಅಂಕ ಒತ್ತಿದಳು. "ಆ ಮಗು ಏನು ಮಾಡುತ್ತೆ ಪಾಪ" ಎನ್ನುವುದು ಅವಳ ವಾದ.

ಇನ್ನು ಬಸ್ಸಿನ ಕಥೆ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ನನ್ನ ಜೊತೆ ಬರುವಾಗ ಚಿಕ್ಕಮ್ಮ ಇದೇ ವಿಷಯ ತೆಗೆದಳು. ನಾನು ಮೆಲ್ಲಗೆ, "'ಆ ಕಾಯಿಲೆ' ಅಂತ ಹೇಳು ಚಿಕ್ಕಮ್ಮ, ಎಲ್ಲ ನೋಡ್ತಿದಾರೆ" ಎಂದೆ. ತಗೊಳ್ಳಿ! "ಯಾಕೆ? ಕಿಡ್ನಿ ಅಂದ್ರೆ ನಾಚಿಕೆ ಇಲ್ಲ, ಲಿವರ್ ಅಂದ್ರೆ ನಾಚಿಕೆ ಇಲ್ಲ, ಸ್ತನ ಅಂದ್ರೆ ಮಾತ್ರ ಬಸ್ಸು ಪಂಕ್ಚರ್ ಆಗುತ್ತಾ?" ಕಂಡಕ್ಟರು ಟಿಕೆಟ್ ಹರಿಯುವುದನ್ನು ಬಿಟ್ಟು ಮೇಲಿನ ಸರಳನ್ನು ನೋಡತೊಡಗಿದ. ಮುಂದಿನ ಸೀಟಿನ ಗೌರವಾನ್ವಿತರೊಬ್ಬರು ತಕ್ಷಣ ಗಾಢನಿದ್ರೆಗೆ ಜಾರಿದರು. ಚಿಕ್ಕಮ್ಮ ಅವರ ಭುಜ ತಟ್ಟಿ, "ಸ್ವಾಮಿ, ಮನೇಲಿ ಅಮ್ಮಾವ್ರಿಗೆ ತೋರ್ಸಿದೀರಾ?" ಎಂದಳು. ಶಿವಮೊಗ್ಗದವರೆಗೆ ಟಿಕೆಟ್ ತೆಗೆದಿದ್ದ ಆ ಮನುಷ್ಯ ಮಲವಗೊಪ್ಪದಲ್ಲೇ ಇಳಿದುಹೋದರು.

ಅಷ್ಟರಲ್ಲಿ ಶಿವಮೊಗ್ಗದ ಒಂದು ಆಸ್ಪತ್ರೆಯವರು ಹೆಂಗಸರಿಗೆ ಉಚಿತ ತಪಾಸಣೆ ಇಟ್ಟರು. ಚಿಕ್ಕಮ್ಮ ಬೀದಿಯ ಮನೆಮನೆಗೂ ಹೋಗಿ ಕರೆದಳು. ಒಬ್ಬರಿಗೆ ಹಪ್ಪಳದ ಕೆಲಸ, ಇನ್ನೊಬ್ಬರಿಗೆ ಮನೆಯಲ್ಲಿ ಕೇಳಬೇಕು, ಮತ್ತೊಬ್ಬರಿಗೆ ಹುಡುಕಿದರೆ ಸಿಕ್ಕಿಬಿಟ್ಟರೆ ಏನು ಗತಿ ಎಂಬ ಚಿಂತೆ. ಯಾರೂ ಬರುವುದಿಲ್ಲ ಎಂದರು. ಚಿಕ್ಕಮ್ಮ ಜಗಳವಾಡದೆ ಮನೆಗೆ ಬಂದಳು. ಆಗಲೇ ನಮಗೆ ಅನುಮಾನ ಬರಬೇಕಿತ್ತು.

ಮರುದಿನ ಅವಳು ರೇಷ್ಮೆ ಸೀರೆ ಉಟ್ಟು, ಕುಂಕುಮದ ಭರಣಿ ಹಿಡಿದು ಹೊರಟಳು. ಕುಂಕುಮ ಹಿಡಿದು ಬಾಗಿಲಿಗೆ ಬಂದು ಕರೆದವರಿಗೆ ಬರಲ್ಲ ಎನ್ನುವ ಹೆಂಗಸು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. "ಶುಕ್ರವಾರ ಅರಿಶಿನ ಕುಂಕುಮಕ್ಕೆ ಬರ್ಬೇಕು ಕಣ್ರೇ. ಶಿವಮೊಗ್ಗದಲ್ಲಿ. ವ್ಯಾನು ಮಾಡಿದೀನಿ." ಹೊಳೆಹೊನ್ನೂರಿನಿಂದ ನೆಂಟರ ಮನೆಗೆ ಸುಮ್ಮನೆ ಬಂದಿದ್ದ ಒಬ್ಬಾಕೆಯನ್ನೂ ಬಿಡಲಿಲ್ಲ. ಕೊನೆಗೆ ಬಸ್ಸು ಹತ್ತಿ ನಮ್ಮ ಕಾಲೇಜಿಗೇ ಬಂದಳು! ಸ್ಟಾಫ್ ರೂಮಿನಲ್ಲಿ, ಪ್ರಿನ್ಸಿಪಾಲರ ಎದುರಿಗೆ, ನನ್ನ ಹಣೆಗೆ ಕುಂಕುಮವಿಟ್ಟು, "ಬರ್ತೀಯಲ್ಲ?" ಎಂದಳು. ಒಮ್ಮತ, ಚರ್ಚೆ ಎಂದು ನಾನು ಅಲ್ಲಿ ಏನು ಹೇಳಲಿ? ರಾಜ್ಯಶಾಸ್ತ್ರದಲ್ಲಿ ಇದಕ್ಕೆ ಉತ್ತರವಿಲ್ಲ.

ಶುಕ್ರವಾರ ಆಸ್ಪತ್ರೆಯ ಬಾಗಿಲಿಗೆ ವ್ಯಾನು ಬಂದು ನಿಂತಾಗ ಸೆಕ್ಯುರಿಟಿಯವನು ಮದುವೆಯ ದಿಬ್ಬಣ ದಾರಿ ತಪ್ಪಿ ಬಂದಿದೆ ಎಂದುಕೊಂಡ. ಜರಿ ಸೀರೆ, ಮಲ್ಲಿಗೆ ದಂಡೆ, ಮೈತುಂಬ ಒಡವೆ. ಎಲ್ಲಕ್ಕಿಂತ ಹೆಚ್ಚಾಗಿ, ಕತ್ತಿನಿಂದ ಕೆಳಗೆ ಹಿಟ್ಟು ಬಳಿದ ಹಾಗೆ ಟಾಲ್ಕಂ ಪೌಡರು! ತಪಾಸಣೆ ಎಂದು ಗೊತ್ತಾಗಿ ಗೊಣಗಿದರೂ ಯಾರೂ ವಾಪಸ್ಸು ಹೋಗಲಿಲ್ಲ, ಕುಂಕುಮ ತೆಗೆದುಕೊಂಡಾಗಿತ್ತಲ್ಲ. ಆದರೆ ಮಷಿನ್ ನಡೆಸುವ ಹುಡುಗಿ ಮೊದಲನೆಯವರನ್ನು ನೋಡಿಯೇ ತಲೆಯ ಮೇಲೆ ಕೈ ಹೊತ್ತಳು. "ಅಮ್ಮಾ, ಪೌಡರ್ ಇದ್ರೆ ಫೋಟೋದಲ್ಲಿ ಬಿಳೀ ಚುಕ್ಕಿ ಬರುತ್ತೆ. ಎಲ್ಲ ತೊಳ್ಕೊಂಡು ಬನ್ನಿ. ಸರಾನೂ ತೆಗೀರಿ." ಇಡೀ ಬೀದಿಗೆ ಬೀದಿಯೇ ಒಂದು ನಲ್ಲಿಯ ಮುಂದೆ ಸಾಲು ನಿಂತಿತು. ಪೌಡರೇನೋ ಹೋಯಿತು, ಆದರೆ ತಾಳಿ? ಚಿಕ್ಕಮ್ಮನ ಎದುರು ಮನೆಯ ತಮಿಳು ಹೆಂಗಸು ತಾಳಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಅಯ್ಯಯ್ಯೋ, ಕಳಟ್ಟ ಮಾಟ್ಟೇನ್! ತೆಗೆಯಲ್ಲ ಅಂದ್ರೆ ತೆಗೆಯಲ್ಲ" ಎಂದಳು. ಉಳಿದವರೂ ಅವಳ ಪಕ್ಷ ಸೇರಿದರು.

ಚಿಕ್ಕಮ್ಮ ಮುಂದೆ ಬಂದು ಕೈ ಎತ್ತಿದಳು. "ತೆಗೀಬೇಡ್ರೇ. ಹಿಂದಕ್ಕೆ ತಿರುಗಿಸಿ ಬೆನ್ನಮೇಲೆ ಹಾಕ್ಕೊಳ್ರಿ. ಗಂಡ ಬೆನ್ನಿಗೆ ನಿಲ್ಲಲ್ಲ ಅಂತ ದಿನಾ ಅಳ್ತೀರಲ್ಲ, ಇವತ್ತು ನಿಲ್ಲಲಿ!"

ಹುಡುಗಿಯೂ ಅಷ್ಟಾದರೆ ಸಾಕು ಎಂದಳು. ಒಬ್ಬೊಬ್ಬರೇ ಒಳಗೆ ಹೋಗಿ, ಮುಖ ಸೊಟ್ಟಗೆ ಮಾಡಿಕೊಂಡು ಹೊರಗೆ ಬಂದರು. ನಾನು ಕೊನೆಯವಳು. ಆ ಯಂತ್ರ ಎರಡು ಹಲಗೆಗಳ ನಡುವೆ ಎದೆಯನ್ನು ಅಮುಕುವಾಗ ಆಗುವ ನೋವಿಗೆ ಯಾವ ಮಾರ್ಗಸೂಚಿಯಲ್ಲೂ ಒಂದು ಸಾಲಿಲ್ಲ ಎನ್ನುವುದನ್ನು ತಜ್ಞರ ಗಮನಕ್ಕೆ ತರಬಯಸುತ್ತೇನೆ.

ಎಲ್ಲರನ್ನೂ ಊಟಕ್ಕೆ ಕಳಿಸಿದರು. ನನಗೆ ಮಾತ್ರ, "ನೀವು ಕೂತಿರಿ. ಎಡಗಡೆ ಏನೋ ಕಾಣ್ತಿದೆ, ಡಾಕ್ಟರು ಇನ್ನೊಂದು ಸ್ಕ್ಯಾನ್ ಮಾಡ್ತಾರೆ" ಎಂದರು.

ನಾನು ಬೆಂಚಿನ ಮೇಲೆ ಕೂತೆ. ಚಿಕ್ಕಮ್ಮ ಪಕ್ಕದಲ್ಲಿ ಕೂತಳು. ಈಗ ಶುರುವಾಗುತ್ತದೆ ಎಂದುಕೊಂಡೆ. ತಜ್ಞರು, ಕಂಪನಿ, ನಲವತ್ತು, ಐವತ್ತು. ಏನೂ ಶುರುವಾಗಲಿಲ್ಲ. ಅವಳು ಸೀರೆಯ ಸೆರಗನ್ನು ಮಡಿಸುತ್ತಿದ್ದಳು, ಬಿಚ್ಚುತ್ತಿದ್ದಳು. ಚಿಕ್ಕಮ್ಮ ಬಾಯಿ ಮುಚ್ಚಿದರೆ ಸಾಕಪ್ಪ ಎಂದು ಜೀವಮಾನವಿಡೀ ಹಾರೈಸಿದವಳು ನಾನು. ಆಗ ತಡೆಯಲಾಗದೆ, "ಚಿಕ್ಕಮ್ಮ, ಏನಾದ್ರೂ ಮಾತಾಡು. ಭಯ ಆಗ್ತಿದೆ" ಎಂದೆ. ಅವಳು ನನ್ನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

ಒಳಗೆ ಕರೆದಾಗ ನನ್ನ ಹಿಂದೆಯೇ ಬಂದಳು. ಡಾಕ್ಟರಮ್ಮ ಬಹಳ ಹೊತ್ತು ಪರದೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ನೀರಿನ ಗಂಟು ಅಷ್ಟೆ. ಕ್ಯಾನ್ಸರ್ ಅಲ್ಲ, ಹೆದರಬೇಡಿ" ಎಂದರು.

ಯಾವ ಡಾಕ್ಟರಿಗೂ ಪೂರ್ತಿ ಒಂದು ವಾಕ್ಯ ಹೇಳಲು ಬಿಡದ ಚಿಕ್ಕಮ್ಮ, "ಇನ್ನೊಂದ್ಸಲ ಹೇಳಿ ಡಾಕ್ಟ್ರೇ" ಎಂದಳು. ಅವರು ಹೇಳಿದರು. "ಇನ್ನೊಂದೇ ಸಲ" ಎಂದಳು. ಆ ಪುಣ್ಯಾತ್ಮರು ನಗದೆ, ಬೇಸರಿಸದೆ ಮತ್ತೆ ಹೇಳಿದರು.

ಆಗ ಚಿಕ್ಕಮ್ಮ ನನ್ನ ತಲೆಯನ್ನು ಎದೆಗೆ ಅವಚಿಕೊಂಡು ಅತ್ತಳು. ಮಾತಾಡಿದ್ದು ನನ್ನ ಜೊತೆಗಲ್ಲ, ಡಾಕ್ಟರ ಜೊತೆಗೂ ಅಲ್ಲ.

"ಅಕ್ಕಾ, ಮಗೂಗೆ ಏನೂ ಇಲ್ವಂತೆ ಕಣಕ್ಕಾ" ಎಂದಳು.