ಟ್ಯಾಬಿನ ಅಳತೆ ತೆಗೆಯಲು ಹೋಗಿ

ಕೋಟದ ಬಸ್‌ಸ್ಟಾಪಿನ ಎದುರು ಇಪ್ಪತ್ತೆರಡು ವರ್ಷಗಳಿಂದ ಊರಿಗೆ ಊರೇ ಅಳೆದ ದರ್ಜಿ ನಾನು. ಅಂಗೈಯಗಲದ ಒಂದು ಟ್ಯಾಬಿನ ಅಳತೆ ತೆಗೆಯಲಾರೆನೇ? ತೆಗೆದೇ ತೀರುತ್ತೇನೆಂದು ಕತ್ತರಿ ಮುಟ್ಟಿ ಶಪಥ ಮಾಡಿದೆ!

ಸಿಟ್ಟಿಗೆ ಕಾರಣವಿತ್ತು. ಮಗಳು ಮೋಕ್ಷಿತಾ ಏಳನೇ ಕ್ಲಾಸು. ಶಾಲೆ ಬಿಟ್ಟೊಡನೆ ಅಂಗಡಿಗೆ ಬಂದು, ಮಿಷನ್ನಿನ ಪಕ್ಕದ ಸ್ಟೂಲಿನಲ್ಲಿ ಕೂತು, "ಅಪ್ಪಯ್ಯ, ಈ ಲೆಕ್ಕ ಹ್ಯಾಂಗೆ?" ಎಂದು ಕೇಳುತ್ತಿದ್ದಳು. ಮುಕ್ಕಾಲು, ಒಂದೂಕಾಲು ಎಲ್ಲ ಟೇಪು ಹಿಡಿದು ತೋರಿಸುವಾಗ ನನ್ನ ಗತ್ತೇ ಬೇರೆ! ಶಾಲೆಯವರು ಲೆಕ್ಕ ಕಲಿಸುವ ಟ್ಯಾಬು ಕೊಟ್ಟರು ನೋಡಿ, ಅಂದಿನಿಂದ ನೇರ ಮನೆಗೆ ಹೋಗಿ ಅದನ್ನೇ ಕೇಳುತ್ತಾಳೆ. ಖಾಲಿ ಕಾಣಬಾರದೆಂದು ಸ್ಟೂಲಿನ ಮೇಲೆ ಅಸ್ತರಿನ ಬಟ್ಟೆ ಪೇರಿಸಿದೆ. ಆದರೂ ಸಂಜೆ ಬಸ್ಸು ನಿಂತಾಗಲೆಲ್ಲ ತಲೆ ಎತ್ತುತ್ತಿದ್ದೆ. ಬೇಜಾರೆಂದರೆ ಬೇಜಾರು.

ಒಂದು ಭಾನುವಾರ ಅವಳು ಅಜ್ಜಿಮನೆಗೆ ಹೋದಾಗ ಟ್ಯಾಬು ತೆರೆದೆ. ಅವಳ ಲೆಕ್ಕವನ್ನೆಲ್ಲ ನಾನೇ ಮಾಡಿ ನೂರಕ್ಕೆ ನೂರು ತೋರಿಸಿದರೆ ಮಗಳು ವಾಪಸು ಬರುತ್ತಾಳೆ! 'ಎರಡು ಮೀಟರ್ ಬಟ್ಟೆಯನ್ನು ನಾಲ್ಕು ಸಮ ತುಂಡು ಮಾಡಿದರೆ ಒಂದೊಂದು ಎಷ್ಟು?' ಐವತ್ತು ಸೆಂಟಿಮೀಟರ್ ಎನ್ನಲು ನಾನೇನು ನಿನ್ನೆ ಕಸುಬು ಕಲಿತವನೇ? ಹೊಲಿಗೆಗೆ ಎರಡು ಬಿಡಬೇಡವೇ? ನಲವತ್ತೆಂಟು! 'ತಪ್ಪು' ಎಂದಿತು ಯಂತ್ರ. ಮುಂದೆ ಪರದೆಯ ಲೆಕ್ಕ, ಬೇಲಿಯ ಲೆಕ್ಕ, ಗದ್ದೆಯ ಲೆಕ್ಕ. ಹಟಕ್ಕೆ ಬಿದ್ದು ಗದ್ದೆಗೂ ಹೊಲಿಗೆ ಬಿಟ್ಟೆ!

"ಹ್ವಾಯ್, ಎಂತ ಮಾಡ್ತಿದ್ರಿ?" ಎಂದಳು ಹೆಂಡತಿ ಉಮಾವತಿ.

"ಮಗ್ಳ್ ಹೊಸ ಮೇಷ್ಟ್ರಿಗ್ ಪಾಠ ಹೇಳ್ತಿದ್ದೆ!"

ಮರುದಿನ ಚಂದ್ರಮತಿ ಟೀಚರ್ ಫೋನು. "ಮೋಕ್ಷಿತಾಗೆ ಎಂತ ಆಯ್ತ್ ಮಾರ್ರೆ? ಏಳ್ನೇ ಕ್ಲಾಸಿನ್ ಹೆಣ್ಣ್ ಒಂದೇ ದಿನಕ್ಕ್ ಮೂರ್ನೇ ಕ್ಲಾಸಿಗ್ ಇಳ್ದಿತ್ತಲೆ!" ಟ್ಯಾಬು ಮಗಳನ್ನು ಅಳೆದು, ನನ್ನ ಉತ್ತರಗಳ ಮೇಲೆ ಅವಳ ತರಗತಿಯನ್ನೇ ಕತ್ತರಿಸಿತ್ತು! ಮೋಕ್ಷಿತಾ ಅತ್ತೇ ಅತ್ತಳು. ಟೀಚರ ಮುಂದೆ ಕೈಕಟ್ಟಿ ತಪ್ಪೊಪ್ಪಿಕೊಂಡೆ. ಅವರು ನಕ್ಕು ನಕ್ಕು ಎಲ್ಲ ಸರಿ ಮಾಡಿಕೊಟ್ಟರು.

ಮನೆಗೆ ಬಂದ ಮಗಳು ಅದೇ ಟ್ಯಾಬಿನಲ್ಲಿ ನನ್ನ ಹೆಸರಲ್ಲಿ ಬೇರೆ ಖಾತೆ ತೆರೆದಳು. ತರಗತಿ: ಮೂರು! "ನೀವ್ ಇದ್ರಗೆ ಕಲೀನಿ. ನಂದ್ ಮುಟ್ಟುಕಾಗ."

ಆ ಸಂಜೆ ನಾನು ಮತ್ತೆ ತಪ್ಪಿದೆ. ಕೆಂಪು ಗುರುತು ಕಂಡು ಅವಳು ಬಂದು ಪಕ್ಕದಲ್ಲೇ ಕೂತಳು. "ಅಪ್ಪಯ್ಯ, ಇಲ್ ಹೊಲ್ಗಿ ಇಲ್ಲೆ, ಬರೀ ಲೆಕ್ಕ." ಎಷ್ಟು ದಿನವಾಗಿತ್ತು, ಅವಳು ಹಾಗೆ ಹತ್ತಿರ ಕೂರದೆ! ನನಗೆ ಲೆಕ್ಕ ಕೂಡಲೇ ತಿಳಿಯಿತು. ತಿಳಿದೂ ಮರುದಿನ ತಪ್ಪು ಒತ್ತಿದೆ. ಅದರ ಮರುದಿನವೂ ಒತ್ತಿದೆ. ದಿನಾ ಹತ್ತು ನಿಮಿಷ ಮಗಳು ನನ್ನವಳು!

ಆಸೆ ಜಾಸ್ತಿಯಾಯಿತು. ನಿನ್ನೆ ಹತ್ತಕ್ಕೆ ಹತ್ತೂ ತಪ್ಪು ಒತ್ತಿಬಿಟ್ಟೆ. ಯಂತ್ರ ಯೋಚಿಸಲೂ ಇಲ್ಲ, ನನ್ನನ್ನು ಎರಡನೇ ಕ್ಲಾಸಿಗೆ ತಳ್ಳಿತು! ಮೋಕ್ಷಿತಾ ನಿಟ್ಟುಸಿರು ಬಿಟ್ಟು ಟ್ಯಾಬನ್ನು ಅಮ್ಮನ ಕೈಗಿಟ್ಟಳು.

"ಅಮ್ಮ, ಎರಡ್ನೇ ಕ್ಲಾಸಿನ್ ಲೆಕ್ಕ ನಿಂಗೂ ಬತ್ತ್ ಅಲ್ದಾ. ಇನ್ನ್ ನೀನೇ ಹೇಳ್ಕೊಡ್."

ಹಾಗೆಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಾಗಿಲನ್ನೇ ನೋಡುತ್ತಿದ್ದ ನನ್ನೆದುರು ಉಮಾವತಿ ಸೌಟು ಹಿಡಿದುಕೊಂಡೇ ಕೂತಳು.

"ಹ್ವಾಯ್, ಆ ಬಾಗ್ಲ್ ಎಂತ ಕಾಂತ್ರಿ? ಎರಡ್ರ ಮಗ್ಗಿ ಹೇಳಿ ಕಾಂಬ!"