ನಾನು ಅಮ್ಮನನ್ನು ಕ್ಷಮಿಸಿದ್ದು

ತಪ್ಪು ಹೊರಿಸುವುದಕ್ಕೆ ಮನೆಯವರಷ್ಟು ಅನುಕೂಲದ ಜನ ಬೇರೆ ಇಲ್ಲ. ಹೊರಗಿನವರು ತಿರುಗಿ ಬೈಯುತ್ತಾರೆ, ಪುರಾವೆ ಕೇಳುತ್ತಾರೆ. ಮನೆಯವರು ತಲೆ ತಗ್ಗಿಸಿ ಊಟ ಬಡಿಸುತ್ತಾರೆ. ಈ ಸೌಕರ್ಯವನ್ನು ನಾನು ಒಂಬತ್ತು ವರ್ಷ ಧಾರಾಳವಾಗಿ ಬಳಸಿಕೊಂಡಿದ್ದೇನೆ.

ಒಂದು ಕಾಲದಲ್ಲಿ ನಾನು ಫಿಗರ್ ಸ್ಕೇಟರ್ ಆಗಿದ್ದೆ. ಕುಂದಾಪುರದಲ್ಲಿ ಹೀಗೆಂದರೆ ಜನ ಮೊದಲು ನನ್ನ ಹೊಟ್ಟೆ ನೋಡುತ್ತಾರೆ, ಆಮೇಲೆ ಮುಖ. ಅಪ್ಪಯ್ಯ ದಿಲ್ಲಿ ಬದಿಯ ಒಂದು ಮಾಲ್‌ನಲ್ಲಿ ದೋಸೆ ಅಂಗಡಿ ಇಟ್ಟಿದ್ದರು. ಎದುರಿಗೇ ಮಂಜುಗಡ್ಡೆಯ ಮೇಲೆ ಸ್ಕೇಟಿಂಗ್ ಮಾಡುವ ರಿಂಕ್. ಎಂಟನೇ ವಯಸ್ಸಿಗೆ ಅದಕ್ಕೆ ಇಳಿದವನು ಇಪ್ಪತ್ಮೂರರವರೆಗೆ ಹೊರಗೆ ಬರಲಿಲ್ಲ. ಮೇಲಕ್ಕೆ ಹಾರಿ, ಮೂರು ಸುತ್ತು ತಿರುಗಿ, ಒಂದೇ ಕಾಲಿನಲ್ಲಿ ಇಳಿಯುವುದನ್ನು ಕಲಿಯಲು ನಾಲ್ಕು ವರ್ಷ ಬಿದ್ದಿದ್ದೇನೆ. ಈಗ ಮೀನಿನ ಬೋಟುಗಳಿಗೆ ಐಸ್ ಒದಗಿಸುವ ಪ್ಲಾಂಟಿನಲ್ಲಿ ಮ್ಯಾನೇಜರ್. ಅಲ್ಲಿ ಐಸ್ ಪುಡಿ ಮಾಡುವ ರಮೇಶಣ್ಣ ನನ್ನ ಹಳೇ ಕಥೆ ಕೇಳಿ, "ಹ್ವಾಯ್, ಕುಣುಕೆ ಐಸೇ ಬೇಕಾ? ನೆಲ ಸಾಕಾತಿಲ್ಯಾ?" ಎಂದಿದ್ದರು.

ಇಪ್ಪತ್ಮೂರರಲ್ಲಿ ನಾನು ಇಳಿದ ಕೊನೆಯ ಸ್ಪರ್ಧೆ ಗೆದ್ದಿದ್ದರೆ ವಿದೇಶಕ್ಕೆ ಹೋಗುವ ತಂಡದಲ್ಲಿ ನನಗೆ ಜಾಗವಿತ್ತು. ಅಮ್ಮ ಆಗಷ್ಟೇ ಕೊಕ್ಕರ್ಣೆಯ ತವರಿಗೆ ಹೋಗಿ, ನನ್ನ ಹೆಸರಲ್ಲಿ ಪೂಜೆ ಮಾಡಿಸಿ, ಪ್ರಸಾದದ ಸಿಂಗಾರ ತಂದಿದ್ದಳು. ಅಡಿಕೆಯ ಈ ಹೂ ಪ್ರಸಾದವಾಗಿ ಬಂದರೆ ಬೇಡ ಎನ್ನುವ ಹಾಗಿಲ್ಲ, ಕೆಳಗಿಡುವ ಹಾಗೂ ಇಲ್ಲ. ಹೆಂಗಸರು ಮುಡಿಯುತ್ತಾರೆ, ಗಂಡಸರು ಕಿವಿಗೋ ಕಿಸೆಗೋ ಸೇರಿಸುತ್ತಾರೆ. ಸ್ಕೇಟಿಂಗ್ ಅಂಗಿಗೆ ಕಿಸೆಯೇ ಇಲ್ಲ. ಅಮ್ಮ ಕಾಲರಿನೊಳಗೆ ಸಿಕ್ಕಿಸಿದಳು. ರೈಲಿನಲ್ಲಿ ಎರಡು ದಿನ ಒಣಗಿ ಒಂದೊಂದು ಹೂವೂ ಸಾಬೂದಾನಿಯಷ್ಟು ಗಟ್ಟಿಯಾಗಿತ್ತು. ಸ್ಕೇಟಿಂಗ್ ಬೂಟಿನ ಬ್ಲೇಡಿನಡಿ ಅಂಥದ್ದೊಂದು ಕಾಳು ಸಿಕ್ಕರೆ ಮುಗಿಯಿತು ಎಂದು ನಮಗೆ ಮೊದಲೇ ಹೇಳಿಕೊಟ್ಟಿರುತ್ತಾರೆ. ಆದರೂ ಅಮ್ಮನ ಮುಖ ನೋಡಿ ತೆಗೆಯಲಿಲ್ಲ.

ಮೂರನೇ ಜಿಗಿತಕ್ಕೆ ಬಿದ್ದೆ. ಮಂಡಿ ಹೋಯಿತು. ಇನ್ನು ಹಾರುವ ಮಾತೇ ಇಲ್ಲ ಎಂದರು ಡಾಕ್ಟರು. ಆಸ್ಪತ್ರೆಗೆ ಅಮ್ಮ ಗಂಜಿ ತಂದಾಗ, "ನಿನ್ ಹೂಗೇ ಕಾಲಡಿಗ್ ಸಿಕ್ಕದ್ದ್" ಎಂದುಬಿಟ್ಟೆ. ಅವಳು ಚಮಚ ತೊಳೆದು ತಂದಳು. ಅಂದಿನಿಂದ ಹೂ ಮುಡಿಯಲಿಲ್ಲ. ಊರಿಗೆ ಬಂದ ಮೇಲೂ ದೇವಸ್ಥಾನದಲ್ಲಿ ಭಟ್ಟರು ಹೂ ಕೊಟ್ಟರೆ ಪಕ್ಕದವರಿಗೆ ದಾಟಿಸುತ್ತಾಳೆ. ಅದನ್ನು ಕಂಡು ಪಾಪ ಅನ್ನಿಸಿ, ನಾನು ದೊಡ್ಡ ಮನಸ್ಸು ಮಾಡಿ ಅವಳನ್ನು ಕ್ಷಮಿಸಿದೆ. ಒಮ್ಮೆಯಲ್ಲ, ನೆನಪಾದಾಗಲೆಲ್ಲ. ನೆಂಟರೆದುರು, "ಹೋಯ್ಲಿ ಬಿಡಿ, ಅವ್ಳಿಗ್ ಗೊತ್ತಾಯ್ಲಿಲ್ಲ" ಎಂದು ಔದಾರ್ಯ ಮೆರೆದದ್ದೂ ಉಂಟು.

ಕಳೆದ ತಿಂಗಳು ಸ್ಕೇಟಿಂಗಿನ ಹಳೇ ಗೆಳೆಯನೊಬ್ಬ ಆ ದಿನದ ವಿಡಿಯೋ ಕಳಿಸಿದ. ಪ್ಲಾಂಟಿನಲ್ಲೇ ಕೂತು ನೋಡಿದೆ. ಎಷ್ಟು ತೆಳ್ಳಗಿದ್ದೆ! ಶುರುವಿನ ಗಿರಕಿಯಲ್ಲೇ ಸಿಂಗಾರ ಇಡಿಯಾಗಿ ಹಾರಿ ರಿಂಕಿನ ಈಚೆ ಅಂಚಿಗೆ, ಅಮ್ಮ ನಿಂತ ಕಡೆಗೆ, ಬಿತ್ತು. ನಾನು ಬಿದ್ದದ್ದು ಆಚೆ ಮೂಲೆಯಲ್ಲಿ. ಅಲ್ಲಿ ಹೂವಿಲ್ಲ, ಏನೂ ಇಲ್ಲ. ಹೆದರಿ, ಅವಸರಕ್ಕೆ ಬಿದ್ದು, ವಾಲಿಕೊಂಡೇ ಹಾರಿದ್ದೇನೆ. ಹತ್ತು ಸಲ ನೋಡಿದರೂ ಅದೇ.

ಮನೆಗೆ ಹೋದಾಗ ಅಮ್ಮ ಅಡುಗೆಮನೆಯಲ್ಲಿ ಬಂಗುಡೆ ಮೀನು ಸ್ವಚ್ಛ ಮಾಡುತ್ತಿದ್ದಳು. ಆ ದಿನದ ವಿಡಿಯೋ, ಹೂ ಬಿದ್ದದ್ದೇ ಬೇರೆ ಕಡೆ ಎಂದು ಫೋನು ಅವಳ ಮುಂದೆ ಹಿಡಿದೆ. ಅವಳು ನೋಡಲೂ ಇಲ್ಲ.

"ನಂಗ್ ಗೊತ್ತಿತ್ತ್ ಮಗಾ. ಹೂಗ್ ನನ್ ಎದ್ರೇ ಬಿದ್ದಿತ್ತ್. ನಾನೇ ಹೆಕ್ಕಿ ಸೆರಗಿಗ್ ಕಟ್ಕಂಡಿದ್ದೆ."

"ಮತ್ತೆ ಎಂತಕ್ ಹೇಳ್ಲಿಲ್ಲ ನೀನು?"

ಅಮ್ಮ ಕೈ ತೊಳೆದುಕೊಂಡಳು. "ಕಾಲೂ ಹೋಯ್ತ್, ಆಟವೂ ಹೋಯ್ತ್. ತಪ್ಪೂ ನಿಂದೇ ಅಂದೇಳಿ ಹೇಳೂದಾ?"

ಒಂಬತ್ತು ವರ್ಷ ಕ್ಷಮಿಸಿದವನಿಗೆ ಕ್ಷಮೆ ಕೇಳುವುದು ಹೇಗೆಂದು ಗೊತ್ತಿರಲಿಲ್ಲ. ಬಾಯಿಗೆ ಬಂದದ್ದು ಇಷ್ಟೇ: "ತಾ, ಕಾಯಿ ನಾನ್ ಹೆರೀತೆ."

"ಹೆರಮಣಿ ಮೇಲ್ ಕೂಕಂಬುಕ್ ಆತ್ತಾ, ಆ ಮಂಡಿ ಇಟ್ಕಂಡ್?" ಎಂದು ಕೇಳಿ, ಅಮ್ಮ ತಾನೇ ಕೂತು ಕಾಯಿ ತುರಿಯತೊಡಗಿದಳು. ನಾನು ಬಟ್ಟಲು ಹಿಡಿದು ನಿಂತೇ ಇದ್ದೆ.